ಮುದ್ರೆ ಬೀಳುವ ಮುನ್ನ

"ಟಾರ್ಚು ಇನ್ನೂ ಸ್ವಲ್ಪ ಕೆಳಗೆ ಹಿಡಿಯಮ್ಮ," ಎಂದಳು ಹೇಮಾಕ್ಷಿ.

ಪ್ರತ್ಯೂಷಾ ಬಗ್ಗಿ ಹಿಡಿದಳು. ಅವಳ ಜೊತೆ ಕೆಲಸ ಮಾಡುತ್ತಿದ್ದ ಅಖಿಲ್ ಕಳ್ಳತನಕ್ಕೆ ನುಗ್ಗಿದವರಿಂದ ತಲೆಗೆ ಏಟು ತಿಂದು ಬಿದ್ದಿದ್ದು ಇದೇ ಕೋಣೆಯಲ್ಲಿ. ಅವನು ಇನ್ನೂ ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟಿಲ್ಲ. ಆ ಹೊತ್ತಿನಲ್ಲಿ ಬಾಗಿಲು ತೆರೆದದ್ದು ಇಲ್ಲೇ ಕೆಲಸ ಮಾಡುವ ನಂದೀಶನ ಕಾರ್ಡು ಒಂದೇ ಎಂದು, ಬಾಗಿಲು ತೆರೆದವರ ಲೆಕ್ಕ ಇಡುವ ಮುಂದಿದ್ದ ಯಂತ್ರ ಸಾಕ್ಷಿ ಹೇಳಿತ್ತು.

ವಿಶಾಖಪಟ್ಟಣದ ಋಷಿಕೊಂಡದ ಮೇಲಿದ್ದ ದುರ್ಗಮ ಕಂಪನಿಯ ಲ್ಯಾಬು ಅದು. ಕಿಟಕಿಯಾಚೆ ಸಮುದ್ರ ಹೊಳೆಯುತ್ತಿತ್ತು. ಹೇಮಾಕ್ಷಿ ಅತ್ತ ನೋಡಲಿಲ್ಲ. ಯಂತ್ರದ ಬೆನ್ನನ್ನು ತನ್ನ ಕಡೆಗೆ ತಿರುಗಿಸಿಕೊಂಡು, ಹೇರ್‌ಪಿನ್ನಿಗೆ ಹತ್ತಿ ಸುತ್ತಿ, ವೈರು ಸಿಕ್ಕಿಸುವ ಕಿಂಡಿಗಳಿಗೆ ಒಂದೊಂದಾಗಿ ಹಾಕಿ ತೆಗೆದಳು.

ಹತ್ತಿ ಕೆಂಪಗಾಗಿ ಬಂತು. ಪಕ್ಕದ ಕಿಂಡಿಗೆ ಹಾಕಿದಳು. ಅದರಲ್ಲೂ ಕೆಂಪು.

"ಕುಂಕುಮ," ಎಂದಳು ಪ್ರತ್ಯೂಷಾ. ಅವಳ ತಾಯಿ ಕೋಲಾರದ ಕಡೆಯವರು; ಕನ್ನಡ ಬರುತ್ತಿತ್ತು, ತೆಲುಗಿನ ರಾಗದಲ್ಲಿ. "ಪೂಜೆಯದು ಮೇಡಂ. ಇದನ್ನು ಮೊದಲ ಸಲ ಆನ್ ಮಾಡಿದ್ದೇ ವಿಜಯವಾಡದಲ್ಲಿ. ವಿಜಯದಶಮಿ ದಿನ, ರಾಮಮೋಹನ್ ಗಾರಿ ಮೆಣಸಿನಕಾಯಿ ಅಂಗಡಿಯಲ್ಲಿ. ಅವರೂ, ಅವರ ಜೊತೆ ಕಂಪನಿಗೆ ದುಡ್ಡು ಹಾಕಿದವರೆಲ್ಲ ಹಟ ಹಿಡಿದುಬಿಟ್ರು, ಅಮ್ಮವಾರಿ, ಕನಕದುರ್ಗಮ್ಮನ ಪೂಜೆ ಆಗದೆ ಚಿಪ್ ಕಣ್ಣು ಬಿಡಬಾರದು ಅಂತ."

"ನಂದೀಶ ಒಪ್ಪಿದನಾ?"

"ಅಯ್ಯೋ, ಜಗಳಾನೇ ಆಡಿದ. ಮೊದಲ ಸಲ ಇದೇ ಕೋಣೆಯಲ್ಲಿ, ಬಾಗಿಲು ಹಾಕ್ಕೊಂಡು ಆನ್ ಮಾಡಬೇಕು ಅಂದ. ನಮ್ಮ ಯಜಮಾನರು, ಸೂರ್ಯಪ್ರಕಾಶ್ ಸಾರ್ ಕೇಳಲಿಲ್ಲ. ಯಂತ್ರ ತಗೊಂಡು ಅಖಿಲ್ ಹೋದ. ನಂದೀಶ್‌ಗೆ ಜ್ವರ, ರೂಮಲ್ಲೇ ಮಲಗಿದ್ದ."

"ಅವನು ಮಲಗಿದ್ದನ್ನ ಯಾರಾದರೂ ನೋಡಿದ್ದಾರಾ?"

ಪ್ರತ್ಯೂಷಾ ಟಾರ್ಚನ್ನು ಮುಂದಿನ ಕಿಂಡಿಯ ಕಡೆಗೆ ತಿರುಗಿಸಿದಳು.

ಹೇಮಾಕ್ಷಿ ಕೊನೆಯ ಕಿಂಡಿಗೆ ಹತ್ತಿ ಹಾಕಿದಳು. ತೆಗೆದು ಬೆಳಕಿಗೆ ಹಿಡಿದಳು. ಮತ್ತೆ ಹಾಕಿ, ಮೂಲೆಮೂಲೆ ತಿರುವಿ ತೆಗೆದಳು.

ಹತ್ತಿ ಬೆಳ್ಳಗೇ ಇತ್ತು.

ಎಲ್ಲ ಕಿಂಡಿಗಳಿಗೂ ಕುಂಕುಮ ಹೊಕ್ಕಿದೆ, ಇದೊಂದಕ್ಕೆ ಹೊಕ್ಕಿಲ್ಲ. ಭಕ್ತರು ಕೈತುಂಬ ತಾಯಿಯ ಕುಂಕುಮ ಎರಚುತ್ತಿದ್ದ ಹೊತ್ತಿನಲ್ಲಿ ಈ ಕಿಂಡಿಯ ಬಾಯಿ ಮುಚ್ಚಿತ್ತು. ಯಾವುದೋ ಒಂದು ವಸ್ತು ಅದರೊಳಗೆ ಕೂತಿತ್ತು.

ಎದುರಿನ ಮೇಜಿನ ಮೇಲೆ ಒಂದು ಪೆನ್‌ಡ್ರೈವು ಬಿದ್ದಿತ್ತು. ಅದರ ಕುತ್ತಿಗೆಗೆ ನೀಲಿ ದಾರ ಸುತ್ತಿ ಗಂಟು ಹಾಕಿತ್ತು.

"ನಂದೀಶನದ್ದು," ಎಂದಳು ಪ್ರತ್ಯೂಷಾ. "ಎಲ್ಲರದ್ದೂ ಒಂದೇ ಥರ ಇರ್ತವಲ್ಲ, ಕಲೆತುಹೋಗಬಾರದು ಅಂತ ಕಟ್ಟುತ್ತಾನೆ. ನಾವು ತಾಯತ ಅಂತ ನಗ್ತಿದ್ವಿ. ಉಳಿದವನ್ನೆಲ್ಲ ಪೊಲೀಸರು ತಗೊಂಡು ಹೋದ್ರು."

ಹೊರಡುವಾಗ ಹಜಾರದ ಮೇಜಿನ ಮೇಲೆ ಹೊಸ ಕರಪತ್ರಗಳ ಕಟ್ಟು ಕಂಡಿತು. ಶಾಯಿಯ ವಾಸನೆ ಇನ್ನೂ ಹೋಗಿರಲಿಲ್ಲ. ಮೇಲೆ ಕನಕದುರ್ಗೆಯ ಪಾದಗಳ ಚಿತ್ರ, ಪಾದಗಳ ಅಡಿಯಲ್ಲಿ ಪದ್ಮಪೀಠವಿರಬೇಕಾದ ಜಾಗದಲ್ಲಿ ಹೊಳೆಯುವ ಒಂದು ಚಿಪ್. ಕೆಳಗೆ ಕೈಕೋಳ ತೊಟ್ಟ ಒಬ್ಬ ಯುವಕನ ನೆರಳು. 'ನಮ್ಮ ಚಿಪ್ ಕಳ್ಳನನ್ನು ಹಿಡಿಯಿತು!'

ಕೋರ್ಟು ಇನ್ನೂ ಆ ಹುಡುಗನ ಮುಖ ನೋಡಿಲ್ಲ. ಇವರು ಆಗಲೇ ಅವನನ್ನು ಜಾಹೀರಾತು ಮಾಡಿ ಅಚ್ಚು ಹಾಕಿಸಿದ್ದರು.

ಹೇಮಾಕ್ಷಿಗೆ ತಾಯಿಯ ಪಾದದ ಚಿತ್ರವಿದ್ದ ಕಾಗದವನ್ನು ಹರಿಯಲು ಕೈ ಬರಲಿಲ್ಲ. ಮಡಿಸಿ, ಕಣ್ಣಿಗೊತ್ತಿ, ಚೀಲದಲ್ಲಿಟ್ಟುಕೊಂಡಳು.

*

ವಿಜಯವಾಡಕ್ಕೆ ಮರಳಿದಾಗ ಬೆಂಜ್ ಸರ್ಕಲ್‌ನ ಅವಳ ಪತ್ತೇದಾರಿ ಆಫೀಸಿನ ಬಾಗಿಲು ಹಾರುಹೊಡೆದಿತ್ತು. ಅವಳನ್ನು ನಂಬಿ ಬಂದು ಅಲ್ಲಿ ಅಡಗಿದ್ದ ನಂದೀಶನನ್ನು ವಿಶಾಖಪಟ್ಟಣದಿಂದ ಬಂದ ಸರ್ಕಲ್ ಇನ್ಸ್ಪೆಕ್ಟರು, ಸಿ.ಐ. ದುರ್ಗಾಪ್ರಸಾದ್ ಹಿಡಿದು ಜೀಪಿಗೆ ಹತ್ತಿಸಿಯಾಗಿತ್ತು. ನಂದೀಶನ ಕಾಲಿಗೆ ಚಪ್ಪಲಿಯೂ ಇರಲಿಲ್ಲ.

"ಅಕ್ಕಾ, ನಮ್ಮವ್ವಂಗೆ ಹೇಳ್ಬೇಡಿ," ಎಂದ ಅವನು ಜೀಪಿನ ಒಳಗಿಂದ. "ಹೇಳಂಗಿದ್ರೂ, ಜ್ವರ ಬಂದಿತ್ತು, ವಾಸಿಯಾಯ್ತು ಅಂತ ಮಾತ್ರ ಹೇಳಿ."

ಅರಕಲಗೂಡಿನ ಮಾತು. ಹೇಮಾಕ್ಷಿಯ ತವರಿನದೂ ಅದೇ ಮಾತು.

ಅವಳು ಸಿ.ಐ.ಯ ಕಾಲಿಗೆ ಬೀಳುವುದೊಂದು ಬಾಕಿ. ವಿಶಾಖಪಟ್ಟಣದ ಏಲೂರು ರಸ್ತೆ ಹಿಡಿಯುವ ಮುಂಚೆ ಒನ್ ಟೌನ್ ಪೇಟೆಯ ರಾಮಮೋಹನ್ ಅಂಗಡಿಗೆ ಒಮ್ಮೆ ಬನ್ನಿ, ಅಲ್ಲಿ ಒಂದು ಮಾತು ಮುಗಿದ ಮೇಲೆ ನಿಮ್ಮಿಷ್ಟ ಎಂದು ತೆಲುಗಿನಲ್ಲಿ ಬೇಡಿಕೊಂಡಳು. ದುರ್ಗಾಪ್ರಸಾದ್ ಗಡಿಯಾರ ನೋಡಿಕೊಂಡ. ಮೀಸೆಯ ಅಡಿಯಲ್ಲಿ ನಕ್ಕು, ಆಗಲಿ ಎಂದ.

ಒನ್ ಟೌನಿನ ಗಲ್ಲಿಗೆ ಜೀಪು ಹೋಗುವುದಿಲ್ಲ; ನಂದೀಶನನ್ನು ಅದರಲ್ಲೇ ಕೂಡಿಹಾಕಿ ಬಂದರು. ಮೂಟೆ ಹೊರುವವರ ನಡುವೆ ನುಗ್ಗಿ ನಡೆಯಬೇಕು. ಮೆಣಸಿನಕಾಯಿಯ ಘಾಟು ಗಂಟಲಿಗೆ ಹತ್ತುತ್ತದೆ. ರಾಮಮೋಹನನ ಅಂಗಡಿಯ ಹಿಂದೆಯೇ ಅವನ ಮನೆ, ಮನೆಯ ನಡುಮನೆಗೆ ಅಂಟಿಕೊಂಡೇ ದೇವರಕೋಣೆ. ಎಲ್ಲರೂ ಚಪ್ಪಲಿ ಬೂಟು ಕಳಚಿ ಒಳಗೆ ಬಂದರು. ಗೋಡೆಗೆ ಒರಗಿಸಿದ ಮೂಟೆಗಳ ಪಕ್ಕ ಎರಡು ಸ್ಟೂಲು, ಒಂದರಲ್ಲಿ ಸಿ.ಐ. ಕೂತ, ಇನ್ನೊಂದರಲ್ಲಿ ಮೊದಲೇ ಬಂದಿದ್ದ ಕಂಪನಿಯ ಯಜಮಾನ ಸೂರ್ಯಪ್ರಕಾಶ. ಇಸ್ತ್ರಿ ಮುರಿಯದ ಅಂಗಿ, ಹಣೆಯಲ್ಲಿ ಆಗಷ್ಟೇ ಇಟ್ಟ ಬೊಟ್ಟು.

"ಬರ್ರಿ ಮೇಡಂ, ಕೂಡ್ರಿ," ಎಂದ ರಾಮಮೋಹನ್. ಅವನ ತಾಯಿ ಬಳ್ಳಾರಿಯವಳು. ಆ ಮನೆಯಲ್ಲಿ ಕನ್ನಡ ಇನ್ನೂ ಉಸಿರಾಡುತ್ತಿತ್ತು. ಸಕ್ಕರೆಪುಡಿ ತುಂಬಿದ ಪೂತರೇಕುಲು ಸಿಹಿಯ ತಟ್ಟೆಯನ್ನು ಅವಳ ಮುಂದೆ ತಳ್ಳಿದ. "ಬಾಯಿ ಸಿಹಿ ಮಾಡ್ಕೋರಿ. ಸೋಮವಾರ ಮುಂಬೈ ಕಂಪನಿಯೋರು ಬರ್ತಾರ, ಇಡೀ ದುರ್ಗಮ ಕೊಂಡ್ಕೊಳ್ಳಾಕ. ಕಳ್ಳನ್ನ ಹಿಡಿದ ಸುದ್ದಿ ಕೇಳಿ ಅವರಿಗೆ ಭಾಳ ಖುಷಿ ಆಗೇದ."

"ಅಖಿಲ್ ಹೇಗಿದ್ದಾನೆ?"

"ಯಾರು?" ರಾಮಮೋಹನ್ ಬಾಯಲ್ಲಿದ್ದ ಸಿಹಿ ನುಂಗಿದ. "ಓ, ಆ ಹುಡುಗ. ಅದಾನ, ಅದಾನ."

ಅವನ ತುಟಿಯ ಅಂಚಿನಲ್ಲಿ ಸಕ್ಕರೆಪುಡಿ ಅಂಟಿತ್ತು. ಹೇಮಾಕ್ಷಿ ಕಣ್ಣು ಬೇರೆ ಕಡೆಗೆ ತಿರುಗಿಸಿದಳು.

"ನಾಕು ಕನ್ನಡಂ ರಾದಮ್ಮಾ," ಎಂದ ಸಿ.ಐ., ತನಗೆ ಕನ್ನಡ ಬಾರದು ಎಂದು. "ಬೇಗ ಮುಗಿಸಿ."

"ನನಗೂ ಬರದು. ಅವರು ಹೇಳಿದ್ದನ್ನ ರಾಮಮೋಹನ್ ಗಾರು ನಮಗೆ ತೆಲುಗಲ್ಲಿ ಹೇಳಲಿ," ಎಂದ ಸೂರ್ಯಪ್ರಕಾಶ.

ಹೇಮಾಕ್ಷಿಗೆ ತೆಲುಗು ಬಾರದೇ ಇರಲಿಲ್ಲ. ಇಪ್ಪತ್ತು ವರ್ಷದ ಸಂಸಾರ ಅದರಲ್ಲೇ ನಡೆದಿತ್ತು. ಆದರೂ ಕನ್ನಡದಲ್ಲೇ ಶುರು ಮಾಡಿದಳು. ದೇವರಕೋಣೆಯ ಹೊಸಿಲಲ್ಲಿ ರಾಮಮೋಹನನ ತಾಯಿ ಸೂರ್ಯಕಾಂತಮ್ಮ ಕೂತು ಕಾರ್ತೀಕದ ದೀಪಕ್ಕೆ ಬತ್ತಿ ಹೊಸೆಯುತ್ತಿದ್ದಳು. ಕಣ್ಣಿಗೆ ಪೊರೆ ಬಂದ ಮುದುಕಿ. ಈ ಮಾತು ಅವಳ ಕಿವಿಗೂ ಬೀಳಲಿ ಎಂಬುದು ಹೇಮಾಕ್ಷಿಯ ಮನಸ್ಸಿನಲ್ಲಿತ್ತು.

"ರಾಮಮೋಹನ್ ಅವರೇ, ನೀವು ದುಡ್ಡು ಹಾಕಿದ್ದು ಯಾವುದಕ್ಕೆ?"

"ಚಿಪ್ಪಿಗೆ. ಮಂದಿ ಕಂಪ್ಯೂಟರ್‌ನಾಗ ಆಂಟಿವೈರಸ್ ಅಂತ ಹಾಕ್ತಾರಲ್ಲ, ಅದು ಮ್ಯಾಲ ಬಳಿಯೋ ಸುಣ್ಣ ಇದ್ದಂಗ, ಕೆರೆದ್ರ ಹೋಗ್ತದ. ನಮ್ಮದು ಹಂಗಲ್ಲ. ನಮ್ಮ ಕಾವಲುಗಾರ ಚಿಪ್ಪಿನ ಒಳಗೇ ಕುಂತಾನ. ಚಿಪ್ ಮಾಡೋರೇ ನಾವು. ಅದು ಸುಳ್ಳು ಹೇಳಂಗಿಲ್ಲ."

"ಚಿಪ್ ಮಾಡೋರು ನೀವಲ್ಲ. ಹೊರದೇಶದ ಯಾವುದೋ ಕಾರ್ಖಾನೆಯವರು. ಅಂಥದ್ದೇ ಒಂದು ನಿಮ್ಮ ಮೊಮ್ಮಗಳ ಲ್ಯಾಪ್‌ಟಾಪಲ್ಲೂ ಇರುತ್ತೆ."

ರಾಮಮೋಹನನ ಕೈ ತಟ್ಟೆಯ ಮೇಲೆಯೇ ನಿಂತಿತು. ಅವನು ಸೂರ್ಯಪ್ರಕಾಶನ ಕಡೆಗೆ ತಿರುಗಿ ತೆಲುಗಿನಲ್ಲಿ ಕೇಳಿದ. ಸೂರ್ಯಪ್ರಕಾಶ ಹಲ್ಲು ಬಿಟ್ಟು ನಕ್ಕ.

"ಹಾರ್ಡ್‌ವೇರ್ ಸೆಕ್ಯೂರಿಟಿ ಅಂದರೆ ಅದೇ ಅಲ್ಲವೇ ಅಂಡಿ. ಈಯಮ್ಮನಿಗೆ ತಿಳಿಯದು ಬಿಡಿ."

ತಿಳಿಯದಿದ್ದುದನ್ನು ಹೇಮಾಕ್ಷಿ ನಂದೀಶನ ಬಾಯಿಂದ ಮತ್ತೆ ಮತ್ತೆ ಕೇಳಿ ತಿಳಿದುಕೊಂಡಿದ್ದಳು. ತನಗೆ ಅರ್ಥವಾದ ದಾರಿಯಲ್ಲಿ ಅದನ್ನು ಹೇಳತೊಡಗಿದಳು.

"ನಮ್ಮೂರಲ್ಲಿ ಸುಗ್ಗಿ ಕಾಲದಲ್ಲಿ ಕಣದ ರಾಶಿಗೆ ಬೂದಿ ಮುದ್ರೆ ಒತ್ತುತ್ತಿದ್ದರು. ರಾತ್ರಿ ಯಾರಾದರೂ ಒಂದು ಮೊರ ಕದ್ದರೂ ಬೆಳಿಗ್ಗೆ ಮುದ್ರೆ ಕೆಟ್ಟಿರುತ್ತಿತ್ತು. ಮುದ್ರೆ ಸರಿ ಇದ್ದರೆ ರಾಶಿ ಮುಟ್ಟಿಲ್ಲ ಅಂತ ಅರ್ಥ. ನಿಜ ತಾನೇ?"

"ನಮ್ಮ ಕಡೀನೂ ಒತ್ತುತ್ತಿದ್ರವ್ವಾ," ಎಂದಳು ಸೂರ್ಯಕಾಂತಮ್ಮ, ಬತ್ತಿಯಿಂದ ತಲೆ ಎತ್ತದೆ.

"ನಿಮ್ಮ ಚಿಪ್ ಮಾಡೋದೂ ಅಷ್ಟೇ. ಅದರಲ್ಲಿ ಬೀಗ ಹಾಕಿದ ಒಂದು ಪುಟ್ಟ ಪೆಟ್ಟಿಗೆ ಇದೆ. ಕಾವಲು ಸಾಫ್ಟ್‌ವೇರು ಇರೋದು ಅದರ ಒಳಗಲ್ಲ, ಹೊರಗೆ, ಮಿಕ್ಕ ಸಾಫ್ಟ್‌ವೇರುಗಳ ಜೊತೆಯಲ್ಲೇ. ನಿಮ್ಮ ಯಂತ್ರ ಮೊದಲ ಸಲ ಕಣ್ಣು ಬಿಟ್ಟಾಗ ಆ ಸಾಫ್ಟ್‌ವೇರು ಹೇಗಿತ್ತೋ ಅದರ ಮುದ್ರೆ ತೆಗೆದು ಪೆಟ್ಟಿಗೆಯಲ್ಲಿ ಇಟ್ಕೊಳ್ಳುತ್ತೆ. ಆಮೇಲೆ ದಿನಾ ಹೋಲಿಸಿ ನೋಡುತ್ತೆ. ಅಂದು ಇದ್ದದ್ದೇ ಇಂದೂ ಇದೆಯಾ? ಇದೆ. ಅಷ್ಟೇ ಅದರ ಸಾಕ್ಷಿ. ಒಳ್ಳೇದಾ ಕೆಟ್ಟದ್ದಾ ಅನ್ನೋದು ಅದಕ್ಕೆ ಗೊತ್ತಾಗಲ್ಲ. ಮುದ್ರೆ ಬೀಳೋ ಮುಂಚೇನೇ ರಾಶಿಗೆ ಯಾರಾದ್ರೂ ಕಲ್ಲು ಬೆರೆಸಿದ್ರೆ?"

ಬತ್ತಿ ಹೊಸೆಯುವ ಕೈ ನಿಂತಿತು.

"ಕಲ್ಲನ್ನೇ ಕಾಯ್ತದ," ಎಂದಳು ಮುದುಕಿ.

"ಏಮಂಟುನ್ನಾರು?" ಏನಂತಾರೆ ಎಂದು ಸೂರ್ಯಪ್ರಕಾಶ ರಾಮಮೋಹನನ ಮುಖ ನೋಡಿದ. ರಾಮಮೋಹನ್ ತೊದಲುತ್ತ ಅನುವಾದ ಮಾಡಿದ.

ಹೇಮಾಕ್ಷಿ ಚೀಲದಿಂದ ಹತ್ತಿಯ ಉಂಡೆಗಳನ್ನು ತೆಗೆದು ನೆಲದ ಮೇಲೆ ಸಾಲಾಗಿ ಇಟ್ಟಳು. ಕೆಂಪು, ಕೆಂಪು, ಕೆಂಪು. ಕೊನೆಯದು ಬಿಳಿ.

"ಪೂಜೆ ಹೊತ್ತಲ್ಲಿ ಒಂದು ಕಿಂಡಿಯಲ್ಲಿ ಏನೋ ಕೂತಿತ್ತು. ಅದರೊಳಗಿಂದ ಯಂತ್ರಕ್ಕೆ ಏನೋ ಇಳಿಯಿತು. ಅದನ್ನೂ ಸೇರಿಸಿಕೊಂಡೇ ಚಿಪ್ ಮುದ್ರೆ ಹಾಕಿಕೊಂಡಿತು. ಇನ್ನು ಯಾರ ಕಾರ್ಡು ಹಚ್ಚಿದರೂ ಅದು ನಂದೀಶನ ಹೆಸರು ಬರೆಯಬಹುದು. ಲ್ಯಾಬಿನಲ್ಲಿ ಬಾಗಿಲು ಹಾಕಿಕೊಂಡು ಮಾಡಬೇಕಾದ ಕೆಲಸವನ್ನ ನೀವು ಊರ ಮಂದಿಯ ನಡುವೆ ಮಾಡಿಸಿದಿರಿ. ಅವತ್ತು ಇಲ್ಲಿ ಯಾರು ಯಾರಿದ್ದರು?"

"ಯಾರು ಇರಲಿಲ್ಲ ಕೇಳ್ರಿ!" ರಾಮಮೋಹನ್ ಬೆವರು ಒರೆಸಿಕೊಂಡ. "ದುಡ್ಡು ಹಾಕಿದೋರು, ಅವರ ಹೆಂಡ್ರು ಮಕ್ಕಳು, ಪುರೋಹಿತರು, ಹಮಾಲರು. ದಸರಾ ಬಂದೋಬಸ್ತಿಗೆ ಹೊರಗಿಂದ ಬಂದಿದ್ದ ಪೊಲೀಸ್ರನ್ನೂ ಕರೆದು ಪ್ರಸಾದ ಕೊಟ್ಟಿವಿ. ಯಾರನ್ನ ಅಂತ ಹಿಡೀತೀರಿ?" ಆಮೇಲೆ ದನಿ ತಗ್ಗಿಸಿದ. "ಮೇಡಂ, ನಿಮಗ ಕೈ ಮುಗಿತೀನಿ. ಚಿಪ್ ತಪ್ಪಿದ್ದಲ್ಲ, ಜಾಗ ತಪ್ಪಿದ್ದು ಅಂತ ನೀವು ಹೇಳ್ತೀರಿ. ಮುಂಬೈಯೋರು ಅಷ್ಟೆಲ್ಲ ಕೇಳಂಗಿಲ್ಲ. ಚಿಪ್ಪಿನ ಸಾಕ್ಷಿ ಸುಳ್ಳಾತು ಅಂತ ಒಂದೇ ಮಾತು ಕೇಳ್ತಾರ, ಎದ್ದು ಹೋಗ್ತಾರ. ಈ ಬಜಾರದ ಮಂದಿ ಎಲ್ಲಾ ನನ್ನ ಮಾತು ನಂಬಿ ದುಡ್ಡು ಹಾಕ್ಯಾರ. ಆ ಹುಡುಗ ಏನು, ವಯಸ್ಸಿನ ಹುಡುಗ. ಎರಡು ವರ್ಷ ಒಳಗಿದ್ರ ಏನಾಗ್ತದ? ಹೊರಗ ಬಂದ ಮ್ಯಾಲ ನಾವೇ ಒಂದು ಕೆಲಸ ಕೊಡಸ್ತೀವಿ."

ಹೇಮಾಕ್ಷಿ ಅವನನ್ನು ನೋಡಿದಳು. ಕಳ್ಳರನ್ನು ಕಂಡಿದ್ದಳು, ಕೊಲೆಗಡುಕರನ್ನೂ ಕಂಡಿದ್ದಳು. ಅವರ ಮೇಲೆ ಸಿಟ್ಟು ಬರುತ್ತಿತ್ತು. ಈತನ ಮೇಲೆ ಸಿಟ್ಟೂ ಬರಲಿಲ್ಲ. ಉಂಡ ಎಲೆಯಲ್ಲಿ ಹುಳ ಕಂಡಂತೆ ಅಸಹ್ಯವೊಂದೇ ಮೇಲೆ ಮೇಲೆ ಬಂತು. ಆ ತಟ್ಟೆಯ ಸಿಹಿ, ಆ ಕೈಮುಗಿತ, ಆ ಹಣೆಬೊಟ್ಟು, ದೇವರ ಕೋಣೆಯಿಂದ ಬರುತ್ತಿದ್ದ ಕರ್ಪೂರದ ಪರಿಮಳವನ್ನೂ ಮೈಲಿಗೆ ಮಾಡುವ ಆ ಮಾತು.

"ಕೊಡಸ್ತೀಯಾ?" ಎಂದಿತು ಹೊಸಿಲ ಕಡೆಯ ದನಿ. "ನಿನ್ನ ಮಗನ್ನ ಎರಡು ವರ್ಷ ಜೈಲಿಗೆ ಕಳಿಸೋ ಹಂಗಾದ್ರ ಒಪ್ತೀಯೇನು?"

ಸೂರ್ಯಕಾಂತಮ್ಮ ಗೋಡೆ ಹಿಡಿದು ಎದ್ದಳು.

"ಅವ್ವಾ, ನೀ ಸುಮ್ಮನಿರು."

"ನಾ ಸುಮ್ಮನ ಇದ್ದದ್ದಕ್ಕೇ ಇಷ್ಟಾಗೇದ. ಆ ಡಬ್ಬಿ ಬೆನ್ನಿಗೆ ಹೂವ ಮುಡಿಸಿದಾಕಿ ನಾನು. ಕೈಗೆ ಏನೋ ಮೊಂಡಂದು ತಗಲಿತು. ಏನಿದು ಅಂದೆ. ಹಿಂದಿಂದ ಒಬ್ಬಾತ ಹೇಳಿದ, ಅಮ್ಮನ ಗುಡಿಯಿಂದ ತಂದ ರಕ್ಷಾ ಅಂತ. ರಕ್ಷಾ ಅಂದಮ್ಯಾಲ ಕಸದಾಗ ಬೀಳಬಾರದಲ್ಲ? ಮಂಗಳಾರತಿ ಆದಮ್ಯಾಲ ನಾನೇ ಕಿತ್ತು ತಾಯಿ ಮುಂದ ಇಟ್ಟೆ. ಅವತ್ತಿಂದ ದಿನಾ ಕುಂಕುಮ ಏರಿಸೇನಿ."

ಮುದುಕಿ ಒಳಗೆ ಹೋದಳು, ತಡವರಿಸಿದಳು, ಅಂಗೈ ಮುಚ್ಚಿಕೊಂಡು ಬಂದಳು. ಹೇಮಾಕ್ಷಿ ಎರಡೂ ಕೈ ಒಡ್ಡಿ ಈಸಿಕೊಂಡಳು.

ಕುಂಕುಮದ ಗಡ್ಡೆಯಂತಿದ್ದ ಒಂದು ಪೆನ್‌ಡ್ರೈವು. ನಂದೀಶನ ಬಿಡುಗಡೆ ಅವಳ ಅಂಗೈಯಲ್ಲಿತ್ತು. ತಾಯೀ, ನೀನೇ ಕಾಪಾಡಿಟ್ಟೆ ಎಂದುಕೊಂಡು ಸೆರಗಿನಿಂದ ಮೆಲ್ಲಗೆ ಒರೆಸಿದಳು.

ಕೆಂಪಿನ ಅಡಿಯಿಂದ ಒಂದು ನೀಲಿ ದಾರ ಕಂಡಿತು. ಸುತ್ತಿ ಗಂಟು ಹಾಕಿದ ನೀಲಿ ದಾರ.

ನಂದೀಶನ ಗುರುತು.

ಸಿ.ಐ. ಬಾಗಿ ನೋಡಿದ. "ನಾವು ಲ್ಯಾಬಿನಲ್ಲಿ ಜಪ್ತಿ ಮಾಡಿದವುಗಳಿಗೂ ಇದೇ ದಾರ," ಎಂದ ತೆಲುಗಿನಲ್ಲಿ. "ಚಾಲಮ್ಮಾ. ಇನ್ನು ಸಾಕು. ನಿಮ್ಮ ಹುಡುಗನ ಕುತ್ತಿಗೆಗೆ ಹಗ್ಗ ನೀವೇ ತಂದುಕೊಟ್ಟಿರಿ."

ಸೂರ್ಯಪ್ರಕಾಶ ಕರವಸ್ತ್ರದಲ್ಲಿ ಬಾಯಿ ಮುಚ್ಚಿಕೊಂಡ. ನಗು ಮುಚ್ಚಲು ಅದು ಸಾಲಲಿಲ್ಲ.

ಅಷ್ಟರಲ್ಲಿ ರಾಮಮೋಹನನ ಫೋನು ಬಡಿದುಕೊಂಡಿತು. ಪಾಲುದಾರ ಯಾರೋ. "ಏನಿಲ್ಲಂಡಿ, ಎಲ್ಲಾ ಚಲೋನೇ ಅದ," ಎನ್ನುತ್ತ ಅವನು ಅಂಗಡಿಯ ಕಡೆಗೆ ನಡೆದ.

ಹೇಮಾಕ್ಷಿ ಮುದುಕಿಯ ಪಕ್ಕಕ್ಕೆ ಸರಿದು ಕೂತಳು. ಅವನೇ ಇಟ್ಟಿದ್ದನೇ? ಜ್ವರ ಎಂದದ್ದು ಸುಳ್ಳೇ? ಚಪ್ಪಲಿಯಿಲ್ಲದ ಆ ಕಾಲು, ಅವ್ವಂಗೆ ಹೇಳ್ಬೇಡಿ ಎಂದ ಆ ದನಿ, ಎಲ್ಲ ನಾಟಕವೇ?

"ಅವ್ವಾ, ಹಿಂದಿನಿಂದ ಮಾತಾಡಿದವರು ಏನಂದರು? ಅವರಂದ ಹಾಗೇ ಹೇಳಿ. ಒಂದಕ್ಷರ ಬಿಡಬೇಡಿ."

ಮುದುಕಿ ಕಣ್ಣು ಮುಚ್ಚಿದಳು. ಹಳೆಯ ಹಾಡು ಹೇಳುವವರು ಮೊದಲ ಸಾಲು ಹುಡುಕುವಂತೆ ತಲೆ ತೂಗಿದಳು.

"'ಅವ್ವಾ, ಇದು ತಾಯಿ ರಕ್ಷಾ ಐತಿ. ಮಂಗಳಾರತಿ ಆಗೋತನಾ ತೆಗೀಬ್ಯಾಡ್ರಿ.' ನಮ್ಮ ಕಡೇ ಮಾತು. ಈ ಊರಾಗ ಅಷ್ಟು ಚಂದ ಯಾರು ಆಡ್ತಾರ ಅಂತ ನನಗ ಹಿಗ್ಗಾತು. ಮುಖ ಕಾಣಲಿಲ್ಲ, ಆದ್ರ ಆ ದನಿ ಮತ್ತ ಕನ್ನಡದಾಗ ಮಾತಾಡಿದ್ರ ಗುರ್ತು ಹಿಡೀತೀನಿ."

ಅರಕಲಗೂಡಿನ ಹುಡುಗ ಬಳ್ಳಾರಿಯ ಮಾತು ಆಡುವವನಲ್ಲ. ಆಡಲು ಹೋದರೂ ಬಳ್ಳಾರಿಯ ಮುದುಕಿಗೆ ಅದು ಚಂದ ಕಾಣುವುದಿಲ್ಲ. ದಾರವನ್ನು ಯಾರು ಬೇಕಾದರೂ ಕಟ್ಟಬಹುದು, ಯಾರ ಮೇಜಿನಿಂದಲಾದರೂ ಎತ್ತಬಹುದು.

"ಆ ಹುಡುಗನನ್ನ ಜೀಪಿನಿಂದ ಕರೆಸಿ," ಎಂದಳು ತೆಲುಗಿನಲ್ಲಿ. "ಅವನು ನಾಲ್ಕು ಮಾತಾಡಲಿ. ಈ ತಾಯಿ ದನಿ ಗುರುತಿಸುತ್ತಾರೆ."

"ಕಣ್ಣು ಕಾಣದ ಮುದುಕಿಯ ಗುರುತು ಯಾವ ಕೋರ್ಟಿಗೆ ಬೇಕು?" ಎಂದ ಸಿ.ಐ.

"ಟೈಮ್ ವೇಸ್ಟ್," ಎಂದ ಸೂರ್ಯಪ್ರಕಾಶ.

ಇಬ್ಬರೂ ಸ್ಟೂಲಿನ ಮೇಲೆ ಕೂತೇ ಇದ್ದರು. ಸೂರ್ಯಪ್ರಕಾಶನ ಬರಿಗಾಲು, ಸಿ.ಐ.ಯ ಕಾಲುಚೀಲ. ಕನ್ನಡ ಬಾರದು ಎಂದು ಮೊದಲೇ ಹೇಳಿಕೊಂಡವರು. ಅನುವಾದ ಮಾಡುವವನು ಹೊರಗಿದ್ದ.

ಹೇಮಾಕ್ಷಿ ಮುದುಕಿಯ ಅಂಗೈಯನ್ನು ಗಟ್ಟಿಯಾಗಿ ಒಮ್ಮೆ ಅದುಮಿದಳು. ಆಮೇಲೆ, ಕುಡಿಯಲು ನೀರು ಕೇಳುವ ದನಿಯಲ್ಲಿ, ಯಾರ ಮುಖವನ್ನೂ ನೋಡದೆ ಹೇಳಿದಳು:

"ಹೆದರಬೇಡಿ ಅವ್ವಾ. ಮೂಟೆ ಸಂದಿಯಿಂದ ಒಂದು ಹಾವಿನ ಮರಿ ಹೊರಗೆ ಬಂದು ಆ ಸ್ಟೂಲುಗಳ ಅಡಿಗೆ ಹೋಗ್ತಾ ಇದೆ."

ಅವಳ ಕಣ್ಣು ಸೂರ್ಯಪ್ರಕಾಶನ ಬರಿಗಾಲಿನ ಮೇಲೆ ನೆಟ್ಟಿತ್ತು.

ಆ ಕಾಲು ಅಲುಗಲಿಲ್ಲ. ಸೂರ್ಯಪ್ರಕಾಶ ಖಾಲಿ ಬಾಗಿಲಿನ ಕಡೆಗೆ ತಿರುಗಿ, "ಏಮಂಟುನ್ನಾರು?" ಎಂದ.

ಪಕ್ಕದ ಸ್ಟೂಲಿನಲ್ಲಿ, ಕನ್ನಡ ಬಾರದು ಎಂದಿದ್ದ ಸಿ.ಐ.ಯ ಎರಡು ಕಾಲುಚೀಲಗಳು ಒಟ್ಟಿಗೆ ನೆಲ ಬಿಟ್ಟು ಮೇಲೆದ್ದಿದ್ದವು.

ಮೇಲೆದ್ದ ಕಾಲುಗಳು ಹಾಗೇ ನಿಂತವು. ದುರ್ಗಾಪ್ರಸಾದ್ ಕೆಳಗೆ ನೋಡಿದ, ಬರಿಯ ನೆಲ. ಆಮೇಲೆ ಹೇಮಾಕ್ಷಿಯನ್ನು ನೋಡಿದ. ಕಾಲುಗಳನ್ನು ನಿಧಾನವಾಗಿ, ಒಂದಾದ ಮೇಲೊಂದು, ಕೆಳಗಿಟ್ಟ.

ಅವನು ಎದ್ದು ಬಂದು ಅವಳ ಅಂಗೈಯಿಂದ ಪೆನ್‌ಡ್ರೈವನ್ನು ತೆಗೆದುಕೊಂಡ. ಜಪ್ತಿ ಮಾಡುವ ಅಧಿಕಾರ ಅವನಿಗಿತ್ತು. ತಡೆಯುವ ಅಧಿಕಾರ ಅಲ್ಲಿ ಯಾರಿಗೂ ಇರಲಿಲ್ಲ. ಬೂಟಿನ ಲೇಸು ಕೂಡ ಕಟ್ಟದೆ ಗಲ್ಲಿಗೆ ಇಳಿದ.

ಹೇಮಾಕ್ಷಿ ಬರಿಗಾಲಿನಲ್ಲೇ ಓಡಿದಳು. ಮೆಣಸಿನ ಮೂಟೆಗಳು, ತಳ್ಳುಗಾಡಿ, ಬೈಗುಳ. ಗಲ್ಲಿಯ ಬಾಯಿಗೆ ಬರುವಷ್ಟರಲ್ಲಿ ಜೀಪು ಹೊರಟಿತ್ತು. ಹಿಂದಿನ ಜಾಲರಿಯ ಆಚೆ ನಂದೀಶ ಅವಳನ್ನು ಕಂಡು, ಬಿಡುಗಡೆಯಾಯಿತೇ ಎಂದು ಕೇಳುವಂತೆ ಹುಬ್ಬು ಏರಿಸಿದ.

ವಿಶಾಖಪಟ್ಟಣಕ್ಕೆ ಹೋಗಬೇಕಾದ ಜೀಪು ಏಲೂರು ರಸ್ತೆಯ ಕಡೆಗೆ ತಿರುಗಲಿಲ್ಲ. ಇಂದ್ರಕೀಲಾದ್ರಿ ಬೆಟ್ಟದ ಬುಡ ಬಳಸಿ, ಪೆನ್‌ಡ್ರೈವನ್ನೂ ಹುಡುಗನನ್ನೂ ಹೊತ್ತು, ಕೃಷ್ಣೆಯ ನಿರ್ಜನ ದಂಡೆಯ ಕಡೆಗೆ ಇಳಿಯಿತು.